‘ಅಣ್ಣಾ, ಇದು ನಿಜಾನಾ?’ – ಮೊಬೈಲಲ್ಲಿ ಓದು ಕಲಿಸಲು ಹೋಗಿ ನಾವು ಕಲಿತದ್ದು

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕನ್ನಡ ಸಂಘದ ಏಳೆಂಟು ಜನ ಕ್ಯಾಂಪಸ್ಸಿನ ಹಿಂದಿರುವ ಊರಿನ ಸರ್ಕಾರಿ ಶಾಲೆಗೆ ಶನಿವಾರ ಶನಿವಾರ ಹೋಗಲು ಶುರು ಮಾಡಿದೆವು. ರಾಜ್ಯೋತ್ಸವ ಅಂದ್ರೆ ಬಾವುಟ ಹಾರಿಸಿ, ಟೀ ಶರ್ಟ್ ಹಂಚಿ, ಡಿಜೆ ಹಾಕಿ ಮುಗಿಸೋದಷ್ಟೇ ಆಗಬಾರದು, ಕನ್ನಡದ ಕೆಲಸ ಅಂತ ಏನಾದರೂ ಒಂದು ಮಾಡೋಣ ಅನ್ನೋದು ನಮ್ಮ ಲೆಕ್ಕ. ನಮ್ಮ ಹತ್ತಿರ ಇದ್ದದ್ದು ಎರಡು ಹಳೇ ಟ್ಯಾಬ್, ಒಂದು ಲ್ಯಾಪ್‌ಟಾಪ್, ಮತ್ತೆ ನಮ್ಮ ನಮ್ಮ ಫೋನು. ಬೆಳಗಿನ ಶಾಲೆ ಮುಗಿದ ಮೇಲೆ ಒಂದೂವರೆ ತಾಸು, ಐದನೇ ಕ್ಲಾಸಿಂದ ಏಳನೇ ಕ್ಲಾಸಿನವರೆಗಿನ ಮಕ್ಕಳು.

ಮೂರನೇ ಶನಿವಾರ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಅಮ್ಮನ ಫೋನು ಹಿಡಿದುಕೊಂಡು ಬಂದಳು. "ಅಣ್ಣಾ, ಇದು ನಿಜಾನಾ?" ಸರ್ಕಾರಿ ಶಾಲೆ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್, ಇವತ್ತೇ ಕೊನೇ ದಿನ, ಈ ಲಿಂಕ್ ಒತ್ತಿ ಅರ್ಜಿ ತುಂಬಿ ಅಂತ ಒಂದು ಫಾರ್ವರ್ಡು. ನಮ್ಮಲ್ಲೊಬ್ಬ ನೋಡಿ, "ನಿಜ ಇರ್ಬೇಕು ಪುಟ್ಟಾ, ನಮ್ಮ ಕ್ಲಾಸ್ ಗ್ರೂಪಲ್ಲೂ ಬಂದಿದೆ" ಅಂದ. ಪಕ್ಕದಲ್ಲಿದ್ದ ನಾವ್ಯಾರೂ ಇಲ್ಲ ಅನ್ನಲಿಲ್ಲ.

ಆ ಮನೆಯಲ್ಲಿ ಅಮ್ಮನಿಗೆ ಓದು ಬರುವುದಿಲ್ಲ. ಸಂಜೆ ಇವಳೇ ಕೂತು ಅರ್ಜಿ ತುಂಬಿದಳು: ಹೆಸರು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ. ಸೋಮವಾರ ಫೋನ್ ಬಂತು. "ಒಂದು ನಂಬರ್ ಬಂದಿರುತ್ತೆ, ಹೇಳಿ ಅಮ್ಮಾ." ಬಂದಿದ್ದ ಮೆಸೇಜು ಇಂಗ್ಲಿಷಿನಲ್ಲಿತ್ತು. ನಂಬರ್ ಓದಿ ಹೇಳಬೇಕಾದವಳು ಅದರ ಜೊತೆ ಇದ್ದ ಮಾತನ್ನೂ ಅಕ್ಷರ ಅಕ್ಷರ ಕೂಡಿಸಿ ಓದಿದಳು. ‘ಡು ನಾಟ್ ಶೇರ್’ ಅಂತ ಬಂತು. "ಅಮ್ಮಾ, ಹೇಳ್ಬೇಡ ಅಂತ ಬರ್ದವ್ರೆ" ಅಂದಳಂತೆ. ಅಮ್ಮ ಫೋನ್ ಇಟ್ಟರು. ದುಡ್ಡು ಉಳಿಯಿತು.

ಮುಂದಿನ ಶನಿವಾರ ಹೆಡ್ ಮೇಷ್ಟ್ರು ಇದನ್ನು ನಮಗೆ ಹೇಳಿದಾಗ ತಲೆ ತಗ್ಗಿಸಿ ನಿಂತೆವು. ಇಂಜಿನಿಯರಿಂಗ್ ಓದುತ್ತಿರುವ ನಾವು ‘ನಿಜ’ ಅಂದದ್ದನ್ನು, ಆರನೇ ಕ್ಲಾಸಿನ ಹುಡುಗಿ ನಾಲ್ಕು ಇಂಗ್ಲಿಷ್ ಪದ ಕೂಡಿಸಿ ಓದಿ ತಡೆದಿದ್ದಳು.

ಆವತ್ತು ಒಂದು ವಿಷಯ ತಲೆಗೆ ಹೋಯಿತು. ಓದು ಬಂದದ್ದರಿಂದ ಮನೆ ಉಳಿಯಿತು. ಬರೆದವರು ಯಾರು ಅಂತ ನೋಡದೆ ಹೋದದ್ದರಿಂದ ಅಪಾಯ ಬಂತು. ಇವೆರಡನ್ನೂ ಒಟ್ಟಿಗೇ ಕಲಿಸಬೇಕು. ಎಷ್ಟೋ ಮನೆಗಳಲ್ಲಿ ಓದುವವರು ಅಂತ ಇರುವುದೇ ಆ ಮಗು. ಬ್ಯಾಂಕಿನ ಮೆಸೇಜು, ರೇಷನ್ನಿನ ಸುದ್ದಿ, ಮಾತ್ರೆಯ ಚೀಟಿ, ಎಲ್ಲಕ್ಕೂ ಅದೇ. ಒಂದು ವರ್ಷದಲ್ಲಿ ನಮಗೆ ಕೈಹಿಡಿದ ಉಪಾಯಗಳನ್ನು, ಎಡವಿದ ಜಾಗಗಳನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲು ಮಗು ಎಲ್ಲಿದೆ ನೋಡಿ

ನಾವು ಮಾಡಿದ ಮೊದಲ ತಪ್ಪು ಅಂದ್ರೆ ಆ್ಯಪ್ ಹುಡುಕಿದ್ದು. ಯಾವ ಆ್ಯಪ್ ಚೆನ್ನಾಗಿದೆ ಅಂತ ಎರಡು ದಿನ ಚರ್ಚೆ ಮಾಡಿದೆವು. ಮಕ್ಕಳಿಗೆ ಎಷ್ಟು ಓದು ಬರುತ್ತೆ ಅಂತ ಕೇಳಲೇ ಇಲ್ಲ.

‘ಅಸರ್’ ಸಮೀಕ್ಷೆಯ ಹೆಸರು ಕೇಳಿರುತ್ತೀರಿ. ಪ್ರಥಮ್ ಸಂಸ್ಥೆ 2005ರಿಂದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದು, ಲೆಕ್ಕ ಪರೀಕ್ಷಿಸುತ್ತಾ ಬಂದಿದೆ. ಅವರ ಓದಿನ ಪರೀಕ್ಷೆ ಬಹಳ ಸರಳ. ನಾಲ್ಕೇ ಹಂತ: ಬಿಡಿ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪುಟ್ಟ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಟ್ಟಿಯಾಗಿ ಓದಿಸಿ, ಎಲ್ಲಿ ನಿಲ್ಲುತ್ತೆ ಅಂತ ನೋಡೋದು. ಇದಕ್ಕೆ ಆ್ಯಪೂ ಬೇಡ, ಕರೆಂಟೂ ಬೇಡ.

ನಾವೂ ಹಾಗೇ ಮಾಡಿದೆವು. ಏಳನೇ ಕ್ಲಾಸಿನ ಒಬ್ಬ ಹುಡುಗ ಪದದ ಹಂತದಲ್ಲೇ ನಿಂತ. ಐದನೇ ಕ್ಲಾಸಿನ ಇಬ್ಬರು ಕಥೆಯನ್ನು ಸರಾಗವಾಗಿ ಓದಿದರು. ಆಮೇಲೆ ಕ್ಲಾಸಿನ ಪ್ರಕಾರ ಕೂರಿಸುವುದನ್ನು ಬಿಟ್ಟು ಓದಿನ ಹಂತದ ಪ್ರಕಾರ ಗುಂಪು ಮಾಡಿದೆವು. ಪ್ರಥಮ್‌ನವರೂ ಬಹಳ ವರ್ಷಗಳಿಂದ ಇದೇ ರೀತಿ ಕಲಿಸುತ್ತಿದ್ದಾರೆ. ದೊಡ್ಡ ಹುಡುಗನಿಗೆ ಚಿಕ್ಕವರ ಜೊತೆ ಕೂರಲು ಅವಮಾನ ಆಗುತ್ತೆ ಅಲ್ವಾ? ಅವನಿಗೆ ಟ್ಯಾಬಿನ ಉಸ್ತುವಾರಿ ಕೊಟ್ಟೆವು. ಚಾರ್ಜ್ ಹಾಕೋದು, ಕಥೆ ತೆಗೆಯೋದು ಅವನ ಕೆಲಸ. ಕಥೆ ತೆಗೀಬೇಕಂದ್ರೆ ಹೆಸರು ಓದಲೇಬೇಕು!

ಕಥೆ ಎಲ್ಲಿಂದ ತರೋದು?

ಪಠ್ಯಪುಸ್ತಕ ಬಿಟ್ಟರೆ ಮನೆಯಲ್ಲಿ ಬೇರೆ ಪುಸ್ತಕ ಇಲ್ಲದ ಮಕ್ಕಳೇ ಹೆಚ್ಚು. ಇಲ್ಲಿ ಫೋನು ನಿಜವಾಗಿ ಉಪಯೋಗಕ್ಕೆ ಬರುತ್ತೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ‘ಸ್ಟೋರಿವೀವರ್’ನಲ್ಲಿ ಕನ್ನಡದ ಚಿತ್ರಕಥೆಗಳು ರಾಶಿ ಇವೆ, ಎಲ್ಲವೂ ಉಚಿತ. ಓದಿನ ಮಟ್ಟಕ್ಕೆ ತಕ್ಕಂತೆ ಹಂತ ಹಂತವಾಗಿ ವಿಂಗಡಿಸಿದ್ದಾರೆ. ಮುಕ್ತ ಪರವಾನಗಿ ಇರೋದರಿಂದ ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಅನುವಾದವನ್ನೂ ಮಾಡಬಹುದು. ಶಾಲೆಯಲ್ಲಿ ನೆಟ್ವರ್ಕ್ ಸಿಗಲ್ಲ. ಆದ್ದರಿಂದ ಶುಕ್ರವಾರ ರಾತ್ರಿ ಹಾಸ್ಟೆಲ್ ವೈಫೈಯಲ್ಲಿ ಇಳಿಸಿಕೊಂಡು ಹೋಗುವುದು ರೂಢಿ.

ಒಂದು ಎಚ್ಚರಿಕೆ. ಧ್ವನಿ ಸಮೇತ ಇರುವ ಕಥೆಗಳನ್ನು ಹಾಕಿದರೆ ಮಕ್ಕಳು ಕೇಳಿಸಿಕೊಂಡು ಬಾಯಿಪಾಠ ಹೇಳುತ್ತಾರೆ. ಕಣ್ಣು ಅಕ್ಷರದ ಮೇಲೆ ಇರುವುದೇ ಇಲ್ಲ. ನಾವು ಮೊದಲೆರಡು ವಾರ ‘ಆಹಾ, ಎಷ್ಟು ಚೆನ್ನಾಗಿ ಓದ್ತಿದ್ದಾರೆ’ ಅಂತ ಖುಷಿಪಟ್ಟು ಮೋಸ ಹೋದೆವು. ಈಗ ಮೊದಲು ಧ್ವನಿ ಜೊತೆ ಒಮ್ಮೆ, ಆಮೇಲೆ ಧ್ವನಿ ತೆಗೆದು ಬೆರಳಿಟ್ಟು ಒಮ್ಮೆ, ಕೊನೆಗೆ ಪುಟಗಳನ್ನು ಅದಲುಬದಲು ಮಾಡಿ ಒಮ್ಮೆ. ಮೂರನೇ ಸಲ ಓದಿದರೆ ಓದು ಬಂದಿದೆ ಅಂತ ಅರ್ಥ.

ಇದೇ ದಾರಿಯ ಹಳೆಯ ಉಪಾಯ ಇನ್ನೊಂದಿದೆ: ಹಾಡಿನ ಭಾಷೆಯಲ್ಲೇ ಅಡಿಬರಹ. 1990ರ ದಶಕದಲ್ಲಿ ಬ್ರಿಜ್ ಕೊಠಾರಿ ಅವರು ಅಹಮದಾಬಾದಿನ ಐಐಎಂನಲ್ಲಿ ಇದರ ಮೇಲೆ ಕೆಲಸ ಶುರು ಮಾಡಿ, ಮೊದಲು ಗುಜರಾತಿನ ದೂರದರ್ಶನದಲ್ಲಿ, ಆಮೇಲೆ ‘ಚಿತ್ರಹಾರ್’ನಲ್ಲಿ ಪ್ರಯೋಗ ಮಾಡಿದರು. ಗೊತ್ತಿರುವ ಹಾಡು, ಅದೇ ಭಾಷೆಯ ಸಾಲು ಕೆಳಗೆ. ಹಾಡು ಮುಂದಿನ ಪದ ಹೇಳುವಷ್ಟರಲ್ಲಿ ಕಣ್ಣು ಆ ಪದವನ್ನು ಹುಡುಕುತ್ತೆ. ನಾವು ಮಕ್ಕಳಿಗೆ ಗೊತ್ತಿರುವ ಹಾಡುಗಳಿಗೆ ಕನ್ನಡ ಸಾಲು ಟೈಪ್ ಮಾಡಿ ಹಾಕುತ್ತೇವೆ. ಅರ್ಧ ಗಂಟೆ ಕೆಲಸ, ಅಷ್ಟೇ.

‘ಸೂರ್ಯ’ನ ರಕಾರ ಎಲ್ಲಿ ಹೋಯ್ತು?

ನಮಗೆ ತುಂಬಾ ಇಷ್ಟವಾದ ಪಾಠ ಇದು. ಕನ್ನಡದಲ್ಲಿ ಮಕ್ಕಳು ಹೆಚ್ಚು ಎಡವುವುದು ಒತ್ತಕ್ಷರದಲ್ಲಿ, ಅದರಲ್ಲೂ ಅರ್ಕಾವತ್ತಿನಲ್ಲಿ. ‘ಸೂರ್ಯ’ ಅನ್ನುವಾಗ ಬಾಯಲ್ಲಿ ಮೊದಲು ಬರೋದು ರ್, ಆಮೇಲೆ ಯ. ಆದರೆ ಕಾಗದದ ಮೇಲೆ ಯ ಮೊದಲು, ಒಂಬತ್ತರಂತೆ ಕಾಣುವ ಆ ಗುರುತು ಆಮೇಲೆ. ಮಗು ಕಂಡದ್ದನ್ನು ಕಂಡ ಹಾಗೆ ‘ಸೂಯ...’ ಅಂತ ಓದಿ ನಿಲ್ಲುತ್ತೆ. ತಪ್ಪು ಮಗುವಿನದಲ್ಲ.

ಈಗ ಯುನಿಕೋಡ್ ನೆನಪಿಸಿಕೊಳ್ಳಿ. ಕಂಪ್ಯೂಟರು ಇದನ್ನು ಇಟ್ಟುಕೊಳ್ಳುವುದು ಉಚ್ಚಾರದ ಕ್ರಮದಲ್ಲೇ: ಸ, ದೀರ್ಘ ಊಕಾರದ ಕೊಂಬು, ರ, ವಿರಾಮದ ಗುರುತು, ಯ. ಅದನ್ನು ಅರ್ಕಾವತ್ತಾಗಿ ಬರೆದು ತೋರಿಸುವುದು ಫಾಂಟಿನ ಕೆಲಸ. ಅಂದರೆ ಟೈಪ್ ಮಾಡುವ ಬೆರಳು ಬಾಯಿಯ ದಾರಿಯಲ್ಲೇ ಹೋಗುತ್ತೆ. ಟ್ಯಾಬಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಟ್ಟು, ‘ನಿಧಾನಕ್ಕೆ ಹೇಳ್ತಾ ಒತ್ತು’ ಅಂದೆವು. ರ ಒತ್ತಿದಳು, ವಿರಾಮ ಒತ್ತಿದಳು, ‘ರ್’ ಕಾಣಿಸಿತು. ಯ ಒತ್ತಿದ ತಕ್ಷಣ ರ್ ಮಾಯವಾಗಿ ಯ ಪಕ್ಕ ಅರ್ಕಾವತ್ತು ಬಂತು. "ಅಯ್ಯೋ, ಹಿಂದುಗಡೆ ಓಡೋಯ್ತು!" ಆಮೇಲೆ ಕರ್ಣ, ವರ್ಷ, ಅರ್ಧ, ಎಲ್ಲರ ಹೆಸರು. ಲ್ಯಾಪ್‌ಟಾಪಿನಲ್ಲಾದರೆ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲೂ ಇದೇ ಆಟ ಆಡಬಹುದು. ಓದೋದು, ಬರೆಯೋದು, ಉಚ್ಚಾರ ಮೂರೂ ಒಂದೇ ಕಡೆ ಸೇರುವುದು ಇಲ್ಲಿ.

ವಿಳಾಸವನ್ನು ಹಿಂದಿನಿಂದ ಓದಿ

ಇನ್ನು ಎರಡನೇ ಭಾಗ. ಅಕ್ಷರ ಓದಲು ಬಂತು. ಬರೆದವರನ್ನು ಓದೋದು ಹೇಗೆ?

2024ರ ಅಸರ್ ವರದಿಯಲ್ಲಿ ಒಂದು ಅಂಕಿ ಇದೆ. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ, ಸಮೀಕ್ಷೆಯ ಹಿಂದಿನ ವಾರ ಸ್ಮಾರ್ಟ್‌ಫೋನನ್ನು ಓದಿಗೆ ಬಳಸಿದವರು ನೂರಕ್ಕೆ ಸುಮಾರು 57 ಮಂದಿ, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಸುಮಾರು 76. ಅಂದರೆ ಫೋನ್ ಈಗಾಗಲೇ ಅವರ ಕೈಯಲ್ಲಿದೆ. ಕೊಡಬೇಕೋ ಬೇಡವೋ ಅನ್ನೋ ಚರ್ಚೆಯ ಕಾಲ ಮುಗಿದಿದೆ.

ಆ ಲ್ಯಾಪ್‌ಟಾಪ್ ಲಿಂಕಿನಿಂದಲೇ ಶುರು ಮಾಡಿದೆವು. ಕಾಗದದ ಲಕೋಟೆಯ ಮೇಲೆ ವಿಳಾಸ ಹೇಗೆ ಬರೀತೀವಿ? ಹೆಸರು, ಮನೆ, ಬೀದಿ, ಊರು, ತಾಲ್ಲೂಕು, ಜಿಲ್ಲೆ. ಅಂಚೆಯವರು ಕಾಗದ ವಿಂಗಡಿಸುವಾಗ ಕೆಳಗಿನಿಂದ ನೋಡುತ್ತಾರೆ: ಮೊದಲು ಜಿಲ್ಲೆ, ಆಮೇಲೆ ಊರು. ವೆಬ್ ವಿಳಾಸವೂ ಹಾಗೇ. ಆರಂಭದ ಜೋಡಿ ಓರೆಗೆರೆ ಬಿಟ್ಟು, ಮುಂದೆ ಸಿಗುವ ಮೊದಲ ಓರೆಗೆರೆಯವರೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಓದಬೇಕು. ಕರ್ನಾಟಕದ ವಿದ್ಯಾರ್ಥಿವೇತನದ ತಾಣ ‘ಎಸ್‌ಎಸ್‌ಪಿ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’. ಹಿಂದಿನಿಂದ ಓದಿದರೆ ಇನ್, ಗವ್, ಆಮೇಲೆ ಕರ್ನಾಟಕ. ‘ಗವ್ ಡಾಟ್ ಇನ್’ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವ ಹೆಸರು. ಮೋಸದ ಲಿಂಕಿನಲ್ಲಿ ‘ಕರ್ನಾಟಕ’, ‘ಗವ್’ ಎಲ್ಲ ಇತ್ತು, ಆದರೆ ಮುಂದುಗಡೆ ಇತ್ತು, ಕೊನೆಯಲ್ಲಿ ಬೇರೇನೋ. ಯಾರು ಬೇಕಾದರೂ ಮನೆಗೆ ‘ವಿಧಾನಸೌಧ’ ಅಂತ ಹೆಸರಿಡಬಹುದು, ಅಲ್ವಾ? ಊರು ಯಾವುದು ಅಂತ ನೋಡಬೇಕು.

ಬೀಗದ ಚಿಹ್ನೆ ಇದ್ದರೆ ನಂಬಬಹುದು ಅಂತ ನಮ್ಮಲ್ಲೇ ಅರ್ಧ ಜನ ಅಂದುಕೊಂಡಿದ್ದೆವು. ನೀವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದದ ಹಾಗೆ ಗೂಢಲಿಪಿ ಮಾಡಿ ಕಳಿಸಲಾಗುತ್ತಿದೆ ಅಂತಷ್ಟೇ ಅದರ ಅರ್ಥ. ಆ ಕಡೆ ಕೂತಿರುವವನು ಕಳ್ಳನಾದರೆ ಬೀಗ ಹಾಕಿದ ಪೆಟ್ಟಿಗೆ ಕಳ್ಳನ ಕೈಗೇ ಸೇರುತ್ತೆ.

ಪುಟ ಬಿಟ್ಟು ಹೊರಗೆ ಬನ್ನಿ

2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಒಂದು ಅಧ್ಯಯನ ಪ್ರಕಟಿಸಿದರು. ಹತ್ತು ಜನ ಪಿಎಚ್‌ಡಿ ಪಡೆದ ಇತಿಹಾಸಕಾರರು, ಸುದ್ದಿ ಪರಿಶೀಲಿಸುವುದೇ ಕಸುಬಾದ ಹತ್ತು ಜನ, ಅದೇ ವಿಶ್ವವಿದ್ಯಾಲಯದ 25 ವಿದ್ಯಾರ್ಥಿಗಳು. ಎಲ್ಲರಿಗೂ ಕೆಲವು ಜಾಲತಾಣ ಕೊಟ್ಟು, ಯಾವುದು ನಂಬಲರ್ಹ ಹೇಳಿ ಅಂದರು. ಇತಿಹಾಸಕಾರರು, ವಿದ್ಯಾರ್ಥಿಗಳು ಪುಟವನ್ನು ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದಿ, ಲೋಗೋ ನೋಡಿ, ಭಾಷೆ ನೋಡಿ, ಬಹಳ ಸಲ ಮೋಸ ಹೋದರು. ಪರಿಶೀಲಕರು ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ಬೇರೆ ಟ್ಯಾಬ್ ತೆರೆದು, ‘ಈ ಸಂಸ್ಥೆ ಬಗ್ಗೆ ಬೇರೆಯವರು ಏನಂತಾರೆ?’ ಅಂತ ಹುಡುಕಿದರು. ಕಡಿಮೆ ಹೊತ್ತಿನಲ್ಲಿ ಸರಿಯಾದ ಉತ್ತರಕ್ಕೆ ಬಂದರು. ಇದಕ್ಕೆ ಅಡ್ಡಓದು ಅನ್ನೋಣ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಸಂಬಂಧ ನೋಡಲು ಹೋದವರು ಹುಡುಗನ ಮನೆಯವರ ಮಾತು ಕೇಳಿ ಅಷ್ಟಕ್ಕೇ ಹೂಂ ಅನ್ನುತ್ತಾರಾ? ಅಕ್ಕಪಕ್ಕದ ಮನೆಯಲ್ಲಿ, ಊರಿನ ಅಂಗಡಿಯಲ್ಲಿ ವಿಚಾರಿಸುತ್ತಾರೆ. ಮಕ್ಕಳಿಗೆ ಹೀಗೇ ಹೇಳಿದೆವು. ಒಂದೇ ಸಲಕ್ಕೆ ಅರ್ಥವಾಯಿತು. ನಾವು ಕಲಿಸುವುದು ಮೂರೇ ಪ್ರಶ್ನೆ: ಯಾರು ಹೇಳ್ತಿದ್ದಾರೆ? ಅವರಿಗೆ ಹೇಗೆ ಗೊತ್ತು? ಬೇರೆ ಯಾರು ಹೇಳಿದ್ದಾರೆ?

ಕತ್ತರಿಸಿದ ವಿಡಿಯೊ

ಈ ಮೂರು ಪ್ರಶ್ನೆ ಕೇಳದೆ ಹೋದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಮಕ್ಕಳಿಗೆ ಹೇಳಿಲ್ಲ, ನಿಮಗೆ ಹೇಳುತ್ತೇವೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ದೇಶದ ತುಂಬಾ ಹರಡಿತು. ಅದರ ಜೊತೆ ಓಡಾಡಿದ್ದು ಒಂದು ವಿಡಿಯೊ: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುವ ಹುಡುಗನನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರೇ ಹುಡುಗನನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ಹರಿಯಬಿಟ್ಟಿದ್ದರು.

ಆ ವರ್ಷದ ಜುಲೈನಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಗೆಳೆಯರ ಜೊತೆ ಬೀದರ್ ಜಿಲ್ಲೆಗೆ ಬಂದಿದ್ದರು. ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಕಳ್ಳರು ಅಂತ ಸಂದೇಶ ಅವರಿಗಿಂತ ಮುಂಚೆ ಮುಂದಿನ ಊರು ಸೇರಿತು. ಮುರ್ಕಿ ಗ್ರಾಮದ ಹತ್ತಿರ ರಸ್ತೆ ಅಡ್ಡಗಟ್ಟಿದ ಜನ ಅವರನ್ನು ಹೊಡೆದು ಕೊಂದರು. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಿಂತ ಹೆಚ್ಚಿಗೆ ಫಾರ್ವರ್ಡ್ ಮಾಡದ ಹಾಗೆ ಮಿತಿ ಹಾಕಿತು. ಕೋಡಿನಲ್ಲಿ ಒಂದು ಮಿತಿ ಹಾಕಬಹುದು. ‘ನನ್ನ ಅಣ್ಣ ಕಳಿಸಿದ್ದು, ನಿಜಾನೇ ಇರುತ್ತೆ’ ಅನ್ನೋ ನಂಬಿಕೆಗೆ ಕೋಡು ಬರೆಯೋಕಾಗಲ್ಲ.

ಮಕ್ಕಳ ಜೊತೆ ನಾವು ಮಾಡುವುದು ಸಣ್ಣ ಸಣ್ಣ ಚಿತ್ರಗಳು. ಸೇತುವೆ ಕೊಚ್ಚಿಹೋಯ್ತು ಅಂತ ಒಂದು ಫೋಟೊ ಊರಲ್ಲಿ ಓಡಾಡಿತ್ತು. ಗೂಗಲ್ ಲೆನ್ಸ್‌ಗೆ ಹಾಕಿಸಿದೆವು. ಎಷ್ಟೋ ವರ್ಷ ಹಿಂದಿನ, ಬೇರೆ ರಾಜ್ಯದ ಸುದ್ದಿಯಲ್ಲಿ ಅದೇ ಫೋಟೊ. ಯಂತ್ರ ಸಿಗಲಿ ಬಿಡಲಿ, ಚಿತ್ರದೊಳಗಿನ ಓದು ಮುಖ್ಯ: ಅಂಗಡಿ ಬೋರ್ಡು ಯಾವ ಲಿಪಿ? ಗಾಡಿ ನಂಬರು ಕೆಎ ಇದೆಯಾ? ಪದದ ಹಂತದಲ್ಲಿದ್ದ ಆ ಹುಡುಗ ಬೋರ್ಡು ಓದುವುದರಲ್ಲಿ ಈಗ ಎಲ್ಲರಿಗಿಂತ ಮುಂದೆ.

ಕನ್ನಡದಲ್ಲಿ ಹುಡುಕೋದು ಬೇರೆಯೇ ವಿದ್ಯೆ

‘ಗೂಗಲ್ ಮಾಡಿ’ ಅಂತ ಹೇಳೋದು ಸುಲಭ. ಕನ್ನಡದಲ್ಲಿ ಹುಡುಕಿ ನೋಡಿ. ಇಂಜಿನಿಯರ್, ಎಂಜಿನಿಯರ್, ಕೊರೊನಾ, ಕರೋನಾ: ಒಂದೇ ಪದಕ್ಕೆ ಎರಡು ಬರವಣಿಗೆ. ಕೆರೆ ಅನ್ನೋದು ಕೆರೆಯ, ಕೆರೆಗೆ, ಕೆರೆಯಲ್ಲಿ, ಕೆರೆಗಳಿಂದ ಅಂತ ಬೆಳೆಯುತ್ತಾ ಹೋಗುತ್ತೆ. ಆದ್ದರಿಂದ ಎರಡು ಮೂರು ರೂಪ ಹಾಕಿ ಹುಡುಕೋದನ್ನ ಅಭ್ಯಾಸ ಮಾಡಿಸುತ್ತೇವೆ.

ಇನ್ನೊಂದು ತೊಡಕು ನಮ್ಮ ಕ್ಷೇತ್ರದ್ದೇ. ಹಳೆಯ ಕಡತಗಳು ಯುನಿಕೋಡ್ ಅಲ್ಲದ ಫಾಂಟುಗಳಲ್ಲಿವೆ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಕಣ್ಣಿಗೆ ಕನ್ನಡ, ಕಾಪಿ ಮಾಡಿದರೆ ಕಲಸುಮೇಲೋಗರ, ಹುಡುಕಿದರೆ ಸಿಗೋದೇ ಇಲ್ಲ. ಸರಿಯಾದ ಮಾಹಿತಿ ಹೀಗೆ ಹೂತುಹೋಗಿರುವಾಗ ಯುನಿಕೋಡಿನಲ್ಲಿ ಟೈಪಾದ ಸುಳ್ಳು ಫಾರ್ವರ್ಡು ಮೇಲೆ ತೇಲುತ್ತೆ. ಇಂಥ ಕಡತಗಳನ್ನು ಪರಿವರ್ತಿಸಿ, ತಪ್ಪು ತಿದ್ದಿ ಹಾಕೋದು ನಮ್ಮಂಥವರು ಮಾಡಬಹುದಾದ ಕೆಲಸ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ‘ಅಲರ್’ ನಿಘಂಟು 2019ರಲ್ಲಿ ಮುಕ್ತ ದತ್ತಾಂಶವಾಗಿ ಜಾಲಕ್ಕೆ ಬಂತು. ಇವತ್ತು ಏಳನೇ ಕ್ಲಾಸಿನ ಹುಡುಗ ಅದರಲ್ಲಿ ಪದ ಹುಡುಕುತ್ತಾನೆ.

ಎಐ ಬಗ್ಗೆಯೂ ಒಂದು ಮಾತು. ಮಕ್ಕಳು ತಮ್ಮ ಊರಿನ ಬಗ್ಗೆ ಕೇಳಿದರು. ಅದು ಇಲ್ಲದ ಕೋಟೆ, ಇಲ್ಲದ ಪಾಳೇಗಾರನನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಕಟ್ಟಿಕೊಟ್ಟಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಗೊತ್ತಿರುವ ವಿಷಯ ಮೊದಲು ಕೇಳಿಸಿ. ಗೊತ್ತಿಲ್ಲದ್ದರಲ್ಲಿ ಎಷ್ಟು ನಂಬಬೇಕು ಅಂತ ಅವರೇ ಲೆಕ್ಕ ಹಾಕುತ್ತಾರೆ.

ಒಂದು ದಿನದ ವರ್ಕ್‌ಶಾಪ್ ಸಾಲದು

ನಾವು ಮೊದಲು ಯೋಚಿಸಿದ್ದು ಒಂದು ದಿನದ ಕಾರ್ಯಕ್ರಮ, ಫೋಟೊ, ಸರ್ಟಿಫಿಕೇಟು. 2019ರ ಚುನಾವಣೆ ಹೊತ್ತಿನಲ್ಲಿ ಸುಮಿತ್ರಾ ಬದ್ರಿನಾಥನ್ ಅವರು ಬಿಹಾರದಲ್ಲಿ ಸುಮಾರು 1,200 ಜನರೊಂದಿಗೆ ಒಂದು ಪ್ರಯೋಗ ಮಾಡಿದ್ದರು. ಸುಮಾರು ಒಂದು ಗಂಟೆ ತರಬೇತಿ. ಒಟ್ಟಾರೆ ನೋಡಿದರೆ ಸುಳ್ಳು ಗುರುತಿಸುವುದರಲ್ಲಿ ಗಮನಾರ್ಹ ವ್ಯತ್ಯಾಸ ಬರಲಿಲ್ಲ. ಆಮೇಲೆ ಅವರು ಮತ್ತು ಸಂಗಡಿಗರು ಅದೇ ರಾಜ್ಯದ 583 ಹಳ್ಳಿಗಳಲ್ಲಿ, 13,500ಕ್ಕೂ ಹೆಚ್ಚು ವಿದ್ಯಾರ್ಥಿಗಳ ಜೊತೆ ಇನ್ನೊಂದು ಪ್ರಯೋಗ ಮಾಡಿದರು. ಈ ಸಲ ವಾರಗಟ್ಟಲೆ, ಪಾಠದ ರೂಪದಲ್ಲಿ. ನಾಲ್ಕು ತಿಂಗಳ ನಂತರವೂ ಪರಿಣಾಮ ಉಳಿದಿತ್ತು, ತಂದೆ ತಾಯಿಗಳಿಗೂ ದಾಟಿತ್ತು. ಬಿಡದೆ ಹೋಗೋದು ಮುಖ್ಯ.

ಸೆಮಿಸ್ಟರ್ ಪರೀಕ್ಷೆಗೆ ನಾವು ಮಾಯವಾದಾಗಲೂ ಕೆಲಸ ನಡೆಯಬೇಕಲ್ಲ? ಗ್ರಾಮ ಪಂಚಾಯಿತಿ ಗ್ರಂಥಾಲಯಗಳೇ ಈಗ ‘ಅರಿವು ಕೇಂದ್ರ’. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ನಮ್ಮ ಮಕ್ಕಳನ್ನೆಲ್ಲ ಅಲ್ಲಿ ಸೇರಿಸಿದೆವು. ನೀವೂ ಶುರು ಮಾಡುವುದಾದರೆ ಮೊದಲು ಅಲ್ಲಿಗೆ ಹೋಗಿ, ಮೇಷ್ಟ್ರನ್ನು ಕೇಳಿ, ಆಮೇಲೆ ಆ್ಯಪ್ ಹುಡುಕಿ. ಗೋಡೆಯ ಮೇಲೆ 1930 ಅಂತ ದೊಡ್ಡದಾಗಿ ಬರೆದು ಅಂಟಿಸಿ. ಆನ್‌ಲೈನಿನಲ್ಲಿ ದುಡ್ಡು ಹೋದರೆ ತಕ್ಷಣ ಕರೆ ಮಾಡಬೇಕಾದ ಸಹಾಯವಾಣಿ ಅದು.

ಆ ಹುಡುಗಿ ಈಗ ಏಳನೇ ಕ್ಲಾಸು. ಹೋದ ತಿಂಗಳು ನಮ್ಮಲ್ಲೊಬ್ಬ ಯಾವುದೋ ಹಣ್ಣು ತಿಂದರೆ ಸಕ್ಕರೆ ಕಾಯಿಲೆ ಮಾಯವಾಗುತ್ತಂತೆ ಅಂತ ಮಾತಿಗೆ ಹೇಳಿದ. ಅವಳು ಟ್ಯಾಬಿನಿಂದ ಕಣ್ಣೆತ್ತಿ, "ಯಾರಣ್ಣ ಹೇಳಿದ್ದು?" ಅಂದಳು. ಅವನಿಗೆ ಉತ್ತರ ಗೊತ್ತಿರಲಿಲ್ಲ. ನಾವೆಲ್ಲ ಸುಮ್ಮನಾದೆವು, ಅವಳು ಮತ್ತೆ ಕಥೆ ಓದಲು ಶುರು ಮಾಡಿದಳು.